ಚೌಕ, ವೃತ್ತ

ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ಸತ್ತವರ ಮೇಲೊಂದು ಓರೆಗೆರೆ.
ಕಾಯಿಲೆಯವರಿಗೆ ಒಳಗೆಲ್ಲ ಕಪ್ಪು.
ಇಷ್ಟು ಕಲಿತು, ಶಿವಮೊಗ್ಗದ ಏಳೂವರೆ ಬಸ್ಸಿಗೆ
ಐಸ್ ಡಬ್ಬಿ ತೊಡೆಯ ಮೇಲಿಟ್ಟು ಹೊರಟವಳು ನಾನು.
ಮೀನಾ ಮೇಡಂ, ಎಂದು ಕೇಳಿದ ಕಂಡಕ್ಟರ್.

ಶಿಕಾರಿಪುರದ ಹಳೇಪೇಟೆ, ಪಾತ್ರೆ ಅಂಗಡಿಯ ಹಿಂದೆ ಮನೆ.
"ಮನೆತನದಲ್ಲಿ ಮೊದಲು ಯಾರಿಗಾದರೂ ಹುಚ್ಚು..."
ಹಾಗೆ ಕೇಳಬಾರದು ಅಂದಿದ್ದರು ತರಬೇತಿಯಲ್ಲಿ.
ಬಾಯಿ ಜಾರಿತ್ತು.
"ಮಾವ ಹುಚ್ಚಪ್ಪ, ಅವರಪ್ಪ ಹುಚ್ಚರಾಯಪ್ಪ,
ಅತ್ತೆ ಹುಚ್ಚಮ್ಮ" ಎಂದರು ನೀಲಮ್ಮ, ಅಕ್ಕಿ ಆರಿಸುತ್ತ.
ಮೂರಕ್ಕೂ ಮಸಿ ತುಂಬುವುದರಲ್ಲಿದ್ದೆ.
"ಅಯ್ಯ, ತಡಿ ತಾಯಿ! ಅದು ದೇವರ ಹೆಸರು.
ಕೆರೆದಂಡೆ ಹುಚ್ಚರಾಯಂಗೆ ಹರಕೆ ಹೊತ್ತು ಹುಟ್ಟಿದೋರು.
ಮಾವ ಸೊಸೈಟಿ ಲೆಕ್ಕ ಬರೀತಿದ್ರು,
ಒಂದು ಪೈಸೆ ತಪ್ಪಿದ್ದಿಲ್ಲ.
ತಲೆ ಕೆಟ್ಟಿದ್ದು ನಮ್ಮ ಶಾಂತಪ್ಪಂಗೆ, ನನ್ನ ಮೈದುನ.
ಅವನ ಸೋದರತ್ತೆ ಕಲ್ಲಮ್ಮ,
ಬಾವಿಗೆ ಕಾಲು ಜಾರಿ ಅಂತ ಬರ್ಕೊ."

ಬರೆಯಲಿಲ್ಲ ನಾನು.
ಅವರೂ ಅಕ್ಕಿಯೊಳಗಿನ ಕಲ್ಲೊಂದನ್ನು ಬೆರಳಲ್ಲಿ ಹಿಡಿದು
ಬಹಳ ಹೊತ್ತು ಎಸೆಯಲಿಲ್ಲ.
"ಜಾರಿರಲಿಲ್ಲ."
ಒಂದು ವೃತ್ತ ತುಂಬಿದೆ.

ಶಾಂತಪ್ಪ ರಕ್ತ ಕೊಟ್ಟ,
ಗೋಡೆ ಕೇಳಿದ್ದಕ್ಕೆ ಮೆಲ್ಲಗೆ ಉತ್ತರ ಕೊಡುತ್ತ.
ತಂಗಿ ಕೊಟ್ಟಳು. ತಂಗಿಯ ಮಗ, ಐಟಿಐ ಓದುವವನು,
ಕಣ್ಣು ಬಿಗಿಯಾಗಿ ಮುಚ್ಚಿ:
"ನಂಗೂ ಬರ್ತದಾ ಅಂತ ಗೊತ್ತಾಗ್ತದಾ ಅಕ್ಕ?"
ಇಲ್ಲಪ್ಪ. ಸಾವಿರಾರು ಮನೆಗಳ ರಕ್ತ ಸೇರಿದರೆ
ಎಲ್ಲೋ ಒಂದು ಅಕ್ಷರ ಹೆಚ್ಚು ಸಲ ಬದಲಾಗಿದೆ
ಅಂತ ಕಾಣಬಹುದು, ಕಾಣದೆಯೂ ಇರಬಹುದು.
ಒಬ್ಬನಿಗೆ ಅಂತ ಅದು ಏನೂ ಹೇಳುವುದಿಲ್ಲ.
"ಹೂ ಕೇಳಿದ್ರೆ ದೇವರಾದ್ರೂ
ಎಡಕ್ಕೋ ಬಲಕ್ಕೋ ಕೊಡ್ತಾನೆ" ಅಂದ.

ಆಮೇಲೆ ನೀಲಮ್ಮ ಎದುರಿಗೆ ಕೂತು
ಸೆರಗು ಸರಿಸಿ ತೋಳು ಚಾಚಿದರು.
ನಿಮ್ಮದು ಬೇಡಮ್ಮ, ನೀವು ಹೊರಗಿನಿಂದ ಬಂದವರು,
ಮಕ್ಕಳೂ ಇಲ್ಲ.
ನಕ್ಷೆಯಲ್ಲಿ ಅವರು ಖಾಲಿ ವೃತ್ತ,
ಓರೆಗೆರೆ ಬಿದ್ದ ಚೌಕದ ಪಕ್ಕ,
ಕೆಳಗೆ ಗೆರೆ ಇಳಿಯದ್ದು.

"ಮೂವತ್ತೊಂದು ವರ್ಷ ಆತು" ಅಂದರು.
"ರಾತ್ರಿ ಅದು ಅವನನ್ನ ಮಾತಾಡ್ಸಕ್ಕೆ ಬಂದ್ರೆ
ಅವನಿಗಿಂತ ಮುಂಚೆ ನಂಗೆ ಎಚ್ಚರ ಆಗ್ತದೆ."

ತೋಳು ಹಾಗೇ ಇತ್ತು.
ಡಬ್ಬಿಯಲ್ಲಿ ಐಸ್ ನೀರಾಗುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು.
ಹತ್ತಿಗೆ ಸ್ಪಿರಿಟ್ ಹಾಕಿ
ಮೊಣಕೈಯ ಒಳಮೈ ಒರೆಸಿದೆ.
ಸೂಜಿ ತೆಗೆಯಲಿಲ್ಲ.

"ತಣ್ಣಗೈತೆ" ಅಂದರು.