ಒಂದು ಸ್ಕ್ರೂ

ಕಾಲುಂಗುರಕ್ಕೆ ಕೂಗುತ್ತೆ, ಹೇರ್‌ಪಿನ್ನಿಗೆ ಕೂಗುತ್ತೆ,
ಒಮ್ಮೆ ಸಫೂರಾಳ ಹಲ್ಲಿನ ಬೆಳ್ಳಿಗೂ ಕೂಗಿತ್ತು
ನರಸಾಪುರದ ಗೇಟಿನ ಆ ಯಂತ್ರ.
ಇದಕ್ಕೆ ಮಾತ್ರ ಸುಮ್ಮನಿತ್ತು.

ಬೆಳಗ್ಗೆ ಏಳೂವರೆಗೆ ಬೇತಮಂಗಲದಲ್ಲಿ
ಕಂಪ್ನಿ ಬಸ್ಸಿಳಿದು, ಮನೆಗೆ ಬಂದು
ಕಾಲುಚೀಲ ಕಳಚಿದರೆ
ಸದ್ದಿಲ್ಲದೆ ಬಿತ್ತು ನೆಲಕ್ಕೆ.
ರಾಗಿಕಾಳಿಗಿಂತ ಸಣ್ಣದು, ತಲೆಯಲ್ಲಿ ಐದೆಸಳು.

ಪಾಳಿಗೆ ಎರಡು ಸಾವಿರದ ನಾನೂರು ಸಲ
ಇದೇ ಎಸಳಿಗೆ ತುದಿ ಕೂಡಿಸಿ ತಿರುಗಿಸುತ್ತೇನೆ.
ಬೆರಳಿಗೆ ಪರಿಚಯ;
ಮುಖ ನೋಡಿದ್ದು ಇವತ್ತೇ.

ನಿದ್ದೆ ಹತ್ತಲಿಲ್ಲ.
ಕಳ್ಳಿ ಅಂದುಬಿಟ್ಟರೆ?
ಕ್ಯಾಮೆರಾ ಹಿಂದಕ್ಕೆ ಓಡಿಸಿ ನೋಡಿದರೆ?
"ಹಿತ್ಲಿಗೆ ಎಸಿ, ಕೋಳಿ ನುಂಗ್ಲಿ" ಅಂದರು ಅತ್ತೆ.
ಬಸ್ಸಿನ ಚೀಟಿಯಲ್ಲಿ ಮಡಿಸಿ ರಾತ್ರಿ ಒಯ್ದೆ.

ಲೈನ್ ಲೀಡರ್ ಮುನಿಕೃಷ್ಣ, ನನಗಿಂತ ಆರು ವರ್ಷ ಚಿಕ್ಕವನು,
ಸ್ಕ್ರೀನು ನೋಡಿದ, ನನ್ನನ್ನಲ್ಲ:
"ಲೆಕ್ಕ ಸರಿಯಾಗೈತಕ್ಕ. ನಿನ್ನೇದು ನಿನ್ನೆಗೇ ಮುಗೀತು.
ವಾಪಸ್ ಬಂದಿದ್ದು ಬರೆಯಾಕೆ ಇದ್ರಾಗೆ ಕಾಲಂ ಇಲ್ಲ.
ಬಿರ್ನೆ ಟೋಪಿ ಹಾಕ್ಕೊ."

ಹೋದ ತಿಂಗಳು
ಉಚ್ಚೆಗೆ ಹೋಗಿ ನಾಲ್ಕು ನಿಮಿಷ ತಡವಾಯಿತಲ್ಲ,
ಅದಕ್ಕೆ ಕಾಲಂ ಇತ್ತು.

ಈಗ ಅದು ಸಾಸಿವೆ ಡಬ್ಬಿಯ ಪಕ್ಕ
ಸೀಸೆಯ ಮುಚ್ಚಳದೊಳಗೆ.
ಆರಿಸಲು ಮರೆತರೆ ಒಗ್ಗರಣೆಗೂ ಬಿದ್ದೀತು.
ಮಗಳು ದಿನಾ ತೆಗೆದು ನೋಡುತ್ತಾಳೆ,
ಮನೆಯ ಯಾವ ಸ್ಕ್ರೂಡ್ರೈವರಿಗೂ ಕೂರುವುದಿಲ್ಲ.
"ಇದನ್ನ ಬಿಚ್ಚೋದು ಹೆಂಗಮ್ಮ?"

ನನಗೆ ಬಿಗಿಯೋದು ಮಾತ್ರ ಕಲಿಸಿದ್ದಾರೆ, ಪುಟ್ಟಿ.
ಬಿಚ್ಚುವವರು ಬೇರೆ ಕಟ್ಟಡದಲ್ಲಿ,
ಅವರ ಟೋಪಿ ಹಳದಿ.