ಅಸ್ತರು

ಗೋಣಿಕೊಪ್ಪಲಿನ ಬೈಪಾಸು, ಮೊದಲ ಮಹಡಿ.
ನಾನು, ಹೊಲಿಗೆ ಮೆಷಿನ್ನು,
ಈಗ ಈ ಮೂರು ತಿಂಗಳ ಕರಿ ಬೆಕ್ಕಿನ ಮರಿ.

ಮಣ್ಣೆಲ್ಲಿ ಇಲ್ಲಿ? ಕೆಳಗೆ ಸಿಮೆಂಟು, ಸಾಲು ಜೀಪು.
ಹುಡುಕಿ ಹುಡುಕಿ ಕೊನೆಗೆ
ಬೊಳ್ಳಪ್ಪನವರ ಹೊಸ ಕುಪ್ಯದ ಮೇಲೆ
ಕೂತುಬಿಟ್ಟಿತು, ನನ್ನ ಕಣ್ಣಲ್ಲೇ ಕಣ್ಣಿಟ್ಟು.

ಹೊಡೆಯಲಿಲ್ಲ. ತೊಳೆದೆ,
ಬಿಸಿಲಿಗೆ ಕಾಯದೆ ಇಸ್ತ್ರಿಯಲ್ಲೇ ಒಣಗಿಸಿದೆ.
ಹಳೇ ಟಬ್ಬಿಗೆ ಪೇಪರು ಹರಿದು ಹಾಕಿದರೆ
ಓದಿದ ಹಾಗೆ ಕೂತು, ಎದ್ದು ಹೋಯಿತು.
ಮಿಲ್ಲಿನ ಮರದ ಹೊಟ್ಟಿಗೆ ಸೀನಿತು.
ಕಡೆಗೆ, ಕ್ಯೂರಿಂಗಿಗೆ ಹೋಗುವ ಜಮೀಲಾ ತಂದುಕೊಟ್ಟ
ಕಾಫಿ ಸಿಪ್ಪೆ, ಒಂದು ಚೀಲ.
ಉಂಡ ಮೇಲೆ ಎತ್ತಿ ಇಡು,
ಮುಂಗಾಲು ಹಿಡಿದು ಎರಡು ಸಲ ಕೆರೆದು ತೋರಿಸು,
ಸುಮ್ಮನಿರು.
ಐದು ದಿನ ಹೀಗೆ. ಆರನೆಯ ದಿನ ಮರೆತೇಬಿಟ್ಟೆ.

ರಾತ್ರಿ ಕರೆಂಟಿಲ್ಲ. ಕತ್ತಲಲ್ಲಿ
ಸರಕ್ ಸರಕ್, ಯಾರೋ ಬಟ್ಟೆ ಕತ್ತರಿಸಿದ ಹಾಗೆ.
ಟಾರ್ಚು ಬಿಟ್ಟು ನೋಡಿದರೆ
ತಾನು ಮಾಡಿದ್ದನ್ನು ತಾನೇ ಮುಚ್ಚುತ್ತಿದೆ,
ಮೂಸಿ, ಇನ್ನಷ್ಟು ಎಳೆದು, ಮತ್ತೆ ಮೂಸಿ.

ನೋಡಬೇಡ ಅಂದಿತೇನೋ. ಟಾರ್ಚು ಆರಿಸಿದೆ.

ಬೊಳ್ಳಪ್ಪನವರ ಕುಪ್ಯದ ಎಡ ಕಂಕುಳಲ್ಲಿ
ನಾನು ತಪ್ಪಿ ಕತ್ತರಿಸಿದ್ದೊಂದು ಇದೆ.
ಅಸ್ತರಿನೊಳಗೆ.
ನೀಟಾಗಿಯೇ ಇದೆ.