ಉದ್ದೇಶ: ಊಟ

ನಮೂನೆಯಲ್ಲಿ ಕೊನೆಯ ಖಾನೆ: ಪ್ರಯಾಣದ ಉದ್ದೇಶ.
ಹೆಸ್ಟರ್ ಬರೆಯುತ್ತಾಳೆ: ಊಟ.
ದನದ ಡಾಕ್ಟರಾಗಿದ್ದವಳ ಕೈಬರಹ,
ದನಗಳು ಯಾವತ್ತೂ ದೂರು ಕೊಟ್ಟಿಲ್ಲ.

ಲಿಡ್ಡಿನ ಬಯಲಲ್ಲಿ ಕುರಿಗಳು ಇನ್ನೂ ಮಲಗಿದ್ದವು.
ರೆಕ್ಕೆ ಒರೆಸಿದೆ; ಇಬ್ಬನಿ ತೋಳೊಳಗೆ ಮೊಣಕೈವರೆಗೆ ಇಳಿಯಿತು.
ಅವಳು ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲು ಬಸಿದು
ಬೆಳಕಿಗೆ ಹಿಡಿದಳು,
ನೀರು ಬೆರೆಸಿದ್ದಾರೋ ಎಂದು
ಹಾಲನ್ನು ನೋಡುವ ಹಾಗೆ.

ವಿಮಾನಕ್ಕೆ ನನ್ನ ಮಗಳಿಗಿಂತ ವಯಸ್ಸು ಹೆಚ್ಚು.
ಆರು ಜನರ ಪಾಲಿನದು.
'ಮೂತಿ ನನ್ನ ಪಾಲು, ಬಾಲ ಕರ್ನಲ್ ಪೆನ್‌ಫೋಲ್ಡನದು' ಎನ್ನುತ್ತಾಳೆ.
ನಮ್ಮ ಒಪ್ಪಂದ ಹಳೆಯದು:
ಹಾರಾಟ ಅವಳದು, ಬಿಲ್ಲು ನನ್ನದು.

ಡಂಜನೆಸ್‌ನ ದೀಪಸ್ತಂಭ, ಅಣುಸ್ಥಾವರದ ಬೂದು ಡಬ್ಬಗಳು,
ಬೆಣಚುಕಲ್ಲಿನ ಕೊನೆಯ ಮೂಗು,
ಆಮೇಲೆ ನೆಲವಿಲ್ಲ.
ಭೂಪಟ ಇದನ್ನು ಕಾಲುವೆ ಎನ್ನುತ್ತದೆ,
ಯಾರೋ ಗುದ್ದಲಿ ಹಿಡಿದು ಗದ್ದೆಗೆ ತಿರುಗಿಸಿದ ಹಾಗೆ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು,
ಆಶ್‌ಫರ್ಡ್‌ನಿಂದ ಫೋಕ್‌ಸ್ಟನ್, ಫೋಕ್‌ಸ್ಟನ್‌ನಿಂದ ಆಶ್‌ಫರ್ಡ್.
ಬಸ್ಸು ಕೆಟ್ಟರೆ ನಿಲ್ಲುತ್ತದೆ.
ಜನ ಬೈಯುತ್ತಾರೆ.
ಅಷ್ಟೆ.

ನೀರಿನ ಮೇಲೆ ಬಂದ ಕೂಡಲೇ
ಎಂಜಿನ್ನಿನ ದನಿ ಬದಲಾಗುತ್ತದೆ.
ಬದಲಾಗುವುದಿಲ್ಲ, ನನಗೆ ಗೊತ್ತು.
ಆದರೂ ಬದಲಾಗುತ್ತದೆ:
ಊಟಕ್ಕೆ ಕೂತ ಮುದುಕನ ಗಂಟಲಲ್ಲಿ
ಸಣ್ಣ ಮುಳ್ಳು ಸಿಕ್ಕ ಕ್ಯಾಕರಿಕೆ.

ಆಗ ಹಡಗು ಎಣಿಸುತ್ತೇನೆ.
ಕೆಂಪು ಕಂಟೇನರಿನದು, ಒಂದು.
ಡೋವರಿನ ಫೆರ್ರಿ, ಎರಡು.
ಬೆನ್ನಿಗೆ ಕಡಲಹಕ್ಕಿ ಕಟ್ಟಿಕೊಂಡ ಮೀನಿನ ದೋಣಿ—
ಇದು ಸತ್ತರೆ ತೇಲಿ ಯಾವುದರ ಪಕ್ಕ ಬೀಳಬಹುದು,
ಯಾವುದರ ಮೇಲೆ ಯಾರಾದರೂ ತಲೆಯೆತ್ತಿ ನೋಡಿಯಾರು.
ಹನ್ನೊಂದು ವರ್ಷದಿಂದ ಈ ಲೆಕ್ಕ ಅವಳಿಗೆ ಹೇಳಿಲ್ಲ.
ಮೈಕು ಆಫ್ ಮಾಡಿಕೊಂಡು
ಅವಳ ತುಟಿ ಆಡುತ್ತಿರುತ್ತದೆ.
ಹಾಡಿಕೊಳ್ಳುತ್ತಾಳೆ, ಪುಣ್ಯವಂತೆ.

ನಡುವೆಲ್ಲೋ ಲಂಡನ್ನಿನ ದನಿ ನಮ್ಮನ್ನು ಬೀಳ್ಕೊಟ್ಟಿತು.
ಲಿಲ್ಲಿನ ದನಿ ಇನ್ನೂ ಎತ್ತಿಕೊಂಡಿರಲಿಲ್ಲ.
ಅರ್ಧ ನಿಮಿಷ
ಯಾವ ದೇಶದ ಬಾಯಲ್ಲೂ ನಾವಿರಲಿಲ್ಲ.

ಕಾಂಶ್ ನದಿಯ ಅಳಿವೆ, ಪೈನ್ ತೋಪು, ಲ ತೂಕೆ.
ಚಕ್ರ ನೆಲ ಮುಟ್ಟಿತು, ಮನಸ್ಸು ಬದಲಿಸಿತು, ಮತ್ತೆ ಮುಟ್ಟಿತು.
'ಎರಡು ಇಳಿತಕ್ಕೆ ಎರಡು ಶುಲ್ಕವೇ?' ಎಂದೆ.
ಹೆಸ್ಟರ್ ನಗಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಇಲ್ಲಿ ಅವನೇ ಹೇಳಿಕೊಂಡ.
ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, ಕೊನೆಯ ಖಾನೆ ಓದಿ,
'ಚಿಪ್ಪು ಬೇಡ, ನಿನ್ನೆ ತಿಂದು ಕೆಟ್ಟೆ.
ಸೋಲ್ ಮೀನು ತಗೊಳ್ಳಿ' ಎಂದ,
ಸರ್ಕಾರದ ಪರವಾಗಿ.

ಮೊದಲು ಸೂಪು.
ಸೂಪಿನ ನಂತರ ಬಹಳ ಹೊತ್ತು ಏನೂ ಇಲ್ಲ.
ವೇಟರ್ ಫ್ಲೋರಿಮೋಂಗೆ ಅವಸರವೆಂದರೆ ಅಜೀರ್ಣ;
ಮೇಜುಬಟ್ಟೆಯ ಮೇಲೆ ಬಿಸಿಲು ಒಂದು ಗೇಣು ಸರಿದ ಮೇಲೆ
ಮೀನು ಬಂತು, ಸತ್ತ ಮೇಲೂ ಬೆಣ್ಣೆಯಲ್ಲಿ ಈಜುತ್ತ.
ಹೆಸ್ಟರಳದು ಎಷ್ಟೋ ಕರುಗಳನ್ನು ಹೊರಗೆಳೆದ ಕೈ,
ಒಂದೇ ಎಳೆತಕ್ಕೆ ಬೆನ್ನೆಲುಬು ಇಡಿಯಾಗಿ ಬಂತು.
ನನಗೆ ಬಿಳಿ ವೈನು. ಮತ್ತೊಂದು.
ಅವಳಿಗೆ ನೀರು; ಮರಳಿ ಒಯ್ಯಬೇಕಾದವಳು.
ನನ್ನ ಲೋಟದ ಮೇಲೆ ಬಾಗಿ ಒಮ್ಮೆ ಮೂಸಿ
'ಸಾಕು' ಎಂದಳು.

ಮಂಡಿಯ ಮಾತಾಯಿತು, ಹುಲ್ಲಿನ ರೇಟಾಯಿತು,
ಕರ್ನಲ್ ಬಾಲ ಮಾರುತ್ತಾನಂತೆ, ಅದೂ ಆಯಿತು.
ಚೀಸಿನ ತಟ್ಟೆ ಬಂದಾಗ ಮೂರು ಗಂಟೆ.
ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ನನ್ನ ಕಡೆ ನೋಡದೆ, ಕೇಳಿದಳು:
'ಇವತ್ತು ನಿನಗೆಷ್ಟು ಸಿಕ್ಕವು?'

'ಏನು?'

'ಹಡಗು. ನನಗೆ ಏಳು.'

ನನಗೆ ಆರು.
'ನನ್ನ ರೆಕ್ಕೆಯಡಿ ಒಂದು ಹಾಯಿದೋಣಿ ಇತ್ತು' ಎಂದಳು.
'ಹಾಯಿದೋಣಿಯನ್ನೂ ಎಣಿಸುತ್ತೀಯಾ?'
'ಅದರಲ್ಲೂ ಜನ ಇರುತ್ತಾರಲ್ಲ, ಐವರ್.'

ಫ್ಲೋರಿಮೋಂ ಕಾಫಿ ತಂದ.
ಬಿಲ್ಲು ತರಲು ಮರೆತ.
ನಾವೂ ಕೇಳಲಿಲ್ಲ.

ಮರಳುವಾಗ ಬಿಸಿಲು ಕಣ್ಣಿಗೆ ನೇರ.
ನೀರೆಲ್ಲ ಬಡಿದು ಹಾಸಿದ ತಗಡು,
ಅದರ ಮೇಲೆ ಹಡಗಿಲ್ಲ, ಹಾಯಿಯಿಲ್ಲ, ಹಕ್ಕಿಯೂ ಇಲ್ಲ.
ಎಂಜಿನ್ನು ಕ್ಯಾಕರಿಸಿತು.
'ಕೇಳಿಸಿತಾ?'
'ಇಲ್ಲ' ಎಂದಳು, ಕೇಳಿಸಿದವಳ ದನಿಯಲ್ಲಿ.
ಈ ಸಲ ಮೈಕು ಆಫ್ ಮಾಡಲಿಲ್ಲ.
ಬಹಳ ಹೊತ್ತು ಬರೀ ಅವಳ ಉಸಿರು.
ಆಮೇಲೆ ನನ್ನ ಕಿವಿಯಲ್ಲೇ, ಮೆಲ್ಲಗೆ,
'ಒಂದು.'